ಅಂಗಳದ ಕೆಂಪಿರುವೆ ಗೂಡಿಗೆ ಹಂಡೆ ನೀರು

ಕಚ್ಚಿದರೆ ಬೆಂಕಿ ತಾಗಿದ ಹಾಗೆ ಉರಿಯುತ್ತಲ್ಲ, ಆ ಸಣ್ಣ ಕೆಂಪಿರುವೆ ಅಂಗಳದ ಮಣ್ಣಲ್ಲಿ ಗೂಡು ಮಾಡಿದ್ದರೆ ಬಚ್ಚಲ ಹಂಡೆಯಲ್ಲಿ ನೀರು ಕೊತಕೊತ ಕುದಿಸಿ, ಗೂಡಿಗೆ ಸುಮಾರು 10 ಲೀಟರ್ ನಿಧಾನಕ್ಕೆ ಸುರಿಯಿರಿ. ಸ್ನಾನದ ಬಿಸಿ ಸಾಲದು. ಮಳೆ ಬಿಟ್ಟು ಎಳೆಬಿಸಿಲು ಬಿದ್ದ ಬೆಳಿಗ್ಗೆಯೇ ಸರಿಯಾದ ಹೊತ್ತು. ಮರಿಗಳನ್ನು ಬೆಚ್ಚಗಿಡಲು ಇರುವೆಗಳು ಆಗ ಮೇಲಿನ ಮಣ್ಣಿಗೆ ತಂದಿರುತ್ತವೆ, ರಾಣಿಯೂ ಅಲ್ಲೇ ಹತ್ತಿರ ಇರುವುದು ಜಾಸ್ತಿ. ಮೊದಲೇ ಕೋಲು ಹಾಕಿ ಕೆದಕಬೇಡಿ, ಎಲ್ಲಾ ಆಳಕ್ಕೆ ಇಳಿದುಬಿಡುತ್ತವೆ. ಬೇಸಿಗೆ ಮಧ್ಯಾಹ್ನ ಸುರಿದರೆ ಸುಮ್ನೆ ಸೌದೆ ದಂಡ. ರಾಣಿ ಉಳಿದರೆ ಕೆಲವು ದಿನದಲ್ಲಿ ಒಂದೆರಡು ಮೊಳ ಆಚೆ ಹುಡಿಮಣ್ಣಿನ ಹೊಸ ಗುಪ್ಪೆ ಏಳುತ್ತದೆ, ಮತ್ತೊಂದು ಹಂಡೆ ಕಾಯಿಸಲೇಬೇಕು. ಅಡಿಕೆ ಸಸಿ, ದಾಸವಾಳದ ಬುಡದಲ್ಲಿ ಮಾತ್ರ ಬೇಡ, ಬೇರೇ ಬೆಂದುಹೋಗುತ್ತದೆ. ಒಲೆಬೂದಿ ಚೆಲ್ಲುವುದೂ ಉಂಟು. ಆದರೆ ಒಣಗಿದ್ದಷ್ಟು ಹೊತ್ತೇ ಅದರ ಆಟ, ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗೆ ಎಲ್ಲಿ ನಿಲ್ಲುತ್ತೆ? ಹಾಂ, ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿಯೇ ಬೇರೆ. ಅದು ತೋಟದ ಹುಳ ತಿನ್ನುತ್ತದೆ, ಚಟ್ನಿಗೂ ಆಗುತ್ತದೆ. ಅದರ ತಂಟೆಗೆ ಹೋಗಬೇಡಿ.