ಕಾಫಿ ಕೆಲಸದಲ್ಲಿದ್ದೀರಾ? ಇತಿಹಾಸಕ್ಕೆ ಹೀಗೆ ಕೈ ಹಾಕಿ

ಮಂಗಳೂರಿನ ಕಾಫಿ ಕ್ಯೂರಿಂಗ್‌ನಲ್ಲಿ ಸ್ಯಾಂಪಲ್ ನೋಡುವುದು ನನ್ನ ಕೆಲಸ. ಕ್ಯೂರಿಂಗ್ ಅಂದರೆ ತೋಟದಿಂದ ಒಣಗಿ ಬಂದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಗ್ರೇಡ್‌ಗಳನ್ನು ಬಾಯಿಪಾಠ ಮಾಡುತ್ತಾರೆ, ಸ್ವಲ್ಪ ದಿನಕ್ಕೆ ಬೋರ್ ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ದಪ್ಪ ಇತಿಹಾಸದ ಪುಸ್ತಕ ಈಗಲೇ ಬೇಡ. ಮೇಜಿನ ಮೇಲಿರುವ ಬೀಜದಿಂದ ಶುರು ಮಾಡಿ.

ಎರಡು ತಟ್ಟೆ ಇಡಿ. ಒಂದರಲ್ಲಿ ಅರೇಬಿಕಾ ಚೆರಿ, ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ತೆಗೆದ ಬೀಜ. ಇನ್ನೊಂದರಲ್ಲಿ ಮಾನ್ಸೂನ್ಡ್ ಮಲಬಾರ್, ಅಂದರೆ ಅದೇ ಚೆರಿ ಬೀಜಕ್ಕೆ ಮಳೆಗಾಲದ ಗಾಳಿಯ ತೇವ ಕುಡಿಸಿದ್ದು. ಪ್ಲಾಂಟೇಶನ್ ಎ ಇಡಬೇಡಿ, ಅದು ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ, ಹೋಲಿಕೆ ಸರಿ ಬರುವುದಿಲ್ಲ. ಚೆರಿ ಬೀಜ ಗಟ್ಟಿ, ಹಸಿರು ಬೆರೆತ ಬಣ್ಣ. ಮಾನ್ಸೂನ್ಡ್ ಉಬ್ಬಿಕೊಂಡಿದೆ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ಒಂದೇ ಲೋಟದಲ್ಲಿ ತುಂಬಿ ತೂಗಿ. ಉಬ್ಬಿದ್ದೇ ಹಗುರ. ಆಮೇಲೆ ಎರಡನ್ನೂ ಒಂದೇ ಹದಕ್ಕೆ ಹುರಿದು, ಹಾಲು ಸಕ್ಕರೆ ಇಲ್ಲದೆ ಕುಡಿದು ನೋಡಿ. ಮಾನ್ಸೂನ್ಡ್‌ನಲ್ಲಿ ಹುಳಿ ಹೆಚ್ಚುಕಡಿಮೆ ಮಾಯ.

ಈಗ ಕೇಳಿಕೊಳ್ಳಿ, ಒಳ್ಳೆಯ ಬೀಜವನ್ನು ಮಳೆಗಾಳಿಗೆ ಯಾಕೆ ಒಡ್ಡುತ್ತಾರೆ? ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಬೀಜವನ್ನು ಗೋದಾಮಿನ ನೆಲದ ಮೇಲೆ ಹರಡುತ್ತೇವೆ. ದಪ್ಪ ಒಂದು ಗೇಣಿಗೂ ಕಡಿಮೆ. ಆಗಾಗ ಮಗುಚಿ ಹಾಕುವುದು, ಗೋಣಿಗೆ ಸಡಿಲವಾಗಿ ತುಂಬುವುದು, ಗಾಳಿ ಆಡುವಂತೆ ಸಾಲಾಗಿ ಇಡುವುದು, ಮತ್ತೆ ಸುರಿಯುವುದು, ಮತ್ತೆ ತುಂಬುವುದು. ಮೂರ್ನಾಲ್ಕು ತಿಂಗಳು ಇದೇ. ಮನೆಯಲ್ಲಿ ಹಪ್ಪಳಕ್ಕೆ ಬೂಸ್ಟು ಬರುವ ಕಾಲದಲ್ಲಿ ನಾವು ಬೇಕಂತಲೇ ಬೀಜಕ್ಕೆ ತೇವ ಕುಡಿಸುತ್ತೇವೆ ಮಾರಾಯ್ರೆ!

ಉತ್ತರ ಹಡಗಿನಲ್ಲಿದೆ. ಹಾಯಿಹಡಗಿನ ಕಾಲದಲ್ಲಿ ಇಲ್ಲಿನ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪು ತಲುಪಲು ತಿಂಗಳುಗಟ್ಟಲೆ ಬೇಕಿತ್ತು. ಕಡಲ ತೇವಕ್ಕೆ ಬೀಜ ದಾರಿಯಲ್ಲೇ ಹಳದಿಯಾಗುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಉಗಿಹಡಗುಗಳ ಓಡಾಟ ಹೆಚ್ಚಿತು, ಪ್ರಯಾಣ ಚಿಕ್ಕದಾಯಿತು. ಬಣ್ಣ ತಿರುಗದ ಬೀಜ ನೋಡಿ ಗಿರಾಕಿಗಳು ಮೂಗು ಮುರಿದರು. ಕಡಲು ಮಾಡುತ್ತಿದ್ದ ಕೆಲಸ ಕರಾವಳಿಯ ಗೋದಾಮುಗಳ ಪಾಲಿಗೆ ಬಂತು. ನಮ್ಮ ಟ್ರೇಡಿನಲ್ಲಿ ಹೇಳಿಕೊಂಡು ಬಂದ ಕಥೆ ಇದು.

ಒಂದು ಇಸವಿ ಸಿಕ್ಕಿತಲ್ವಾ? ಅದರ ಅಕ್ಕಪಕ್ಕ ನೋಡಿ. ಅದೇ 1869ರಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಅಲ್ಲಿ ಕಾಫಿ ಹೋಗಿ ಟೀ ಬಂತು. ಘಟ್ಟದ ಮೇಲಿನ ನಮ್ಮ ತೋಟಗಳನ್ನೂ ರೋಗ ಬಿಡಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಸ್ಯಾಂಪಲ್ ಚೀಟಿಯಲ್ಲಿ ಸುಮ್ನೆ ಬರೆದು ಬಿಡುತ್ತೀರಲ್ಲ ಎಸ್.795 ಅಂತ, ಆ ತಳಿ ಅಲ್ಲಿಯದೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಜನ ಹೇಳುವುದು, ಬಲಕ್ಕೆ ದಾಖಲೆ ಇರುವುದು. ಬಾಬಾ ಬುಡನ್ ಹಜ್ ಮುಗಿಸಿ ಬರುವಾಗ ಯೆಮನ್‌ನ ಮೋಖಾದಿಂದ 7 ಬೀಜ ತಂದರು ಅನ್ನುವುದು ಎಡಕ್ಕೆ. ಹಾಗಂತ ಹೊಡೆದು ಹಾಕಬೇಡಿ, ಬಲಕ್ಕೆ ಏನು ಬರುತ್ತದೆ ನೋಡಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ಕಡೆಯಿಂದ ಬಂದು ವರ್ಷಗಟ್ಟಲೆ ಮಂಗಳೂರಿನಲ್ಲಿದ್ದ. ಅವನ ಕಾಗದಪತ್ರಗಳು ಕೈರೋದ ಒಂದು ಸಿನಗಾಗ್‌ನಲ್ಲಿ ಸಿಕ್ಕಿವೆ. 14ನೇ ಶತಮಾನದ ಇಬ್ನ್ ಬತೂತ ಕೂಡ ಯೆಮನ್, ಪರ್ಷಿಯಾದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ ಎಂದು ಬರೆದಿದ್ದಾನೆ. ಅವರು ಬರುತ್ತಿದ್ದುದು ಕಾಳುಮೆಣಸು, ಶುಂಠಿಗೆ. ಅಂದರೆ ಕಾಫಿಗಿಂತ ಎಷ್ಟೋ ಮೊದಲೇ ಈ ಕಡಲ ದಾರಿ ಬಳಕೆಯಲ್ಲಿತ್ತು. ನನಗಂತೂ 7 ಬೀಜದ ಲೆಕ್ಕಕ್ಕಿಂತ ಈ ದಾರಿಯೇ ಜಾಸ್ತಿ ಇಷ್ಟ.

ಭಾನುವಾರ ಬೆಳಿಗ್ಗೆ ಮಂಗಳೂರಿನ ಹಳೆ ಬಂದರಿನ ಕಡೆ ನಡೆಯಿರಿ. ಹಳೆ ಗೋದಾಮುಗಳ ಹೆಂಚು ನೋಡಿ. ಬಿದ್ದ ಹೆಂಚು ಸಿಕ್ಕರೆ ತಿರುಗಿಸಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಶನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಪಣಂಬೂರಿನ ಹೊಸ ಬಂದರು ಬಂದದ್ದು 1970ರ ದಶಕದಲ್ಲಿ.

ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಕಥೆಗೆ ಒಂದು ಸಂಜೆ ಸಾಕು. ನೆಪೋಲಿಯನ್ 1806ರಲ್ಲಿ ಬ್ರಿಟಿಷ್ ವ್ಯಾಪಾರಕ್ಕೆ ತಡೆ ಹಾಕಿದಾಗ ಯುರೋಪಿನಲ್ಲಿ ಕಾಫಿ ಸಿಗುವುದು ಕಷ್ಟವಾಯಿತು, ಅಲ್ಲಿಂದ ಹುಡುಕಲು ಶುರು ಮಾಡಿ.

ಪುಸ್ತಕದಲ್ಲಿ ಸಿಗದ್ದು ಬೀಜ ಆರಿಸುವ ಅಕ್ಕಂದಿರ ಹತ್ತಿರ, ಲೆಕ್ಕಪತ್ರ ಬರೆಯುತ್ತಿದ್ದು ರಿಟೈರ್ ಆದ ರೈಟರ್‌ಗಳ ಹತ್ತಿರ ಇದೆ. "ಹಳೆ ಕಾಲದ ಬಗ್ಗೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಅಕ್ಕ, ಮಳೆಗಾಲದಲ್ಲಿ ಚಾರ್ಮಾಡಿ ಬಂದ್ ಆದರೆ ಲೋಡ್ ಹೇಗೆ ಬರ್ತಿತ್ತು?" ಅಂತ ಕೇಳಿ. ತುಳು ಬಂದರೆ ತುಳುವಿನಲ್ಲೇ ಕೇಳಿ. ರೈಟರ್‌ಗಳ ಹತ್ತಿರ ಕಾಫಿ ಬೋರ್ಡಿನ ಪೂಲ್ ಬಗ್ಗೆ ವಿಚಾರಿಸಿ. ಬೆಳೆಗಾರರು ಕಾಫಿಯನ್ನು ಬೋರ್ಡಿಗೇ ಕೊಡಬೇಕಿದ್ದ ಆ ಪದ್ಧತಿ 1990ರ ದಶಕದಲ್ಲಿ ಹೋಯಿತು. ಅದರ ನೆನಪಿರುವವರು ಇನ್ನೂ ಇದ್ದಾರೆ. ಮಾತು ಮುಗಿದ ಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ, ಗೋಳಿಬಜೆ ಹೇಳಿ, ಬಿಲ್ಲು ನೀವೇ ಕೊಡಿ. ಅವರು ಚಾ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಗೋದಾಮಿನಲ್ಲಿ ಹೆಚ್ಚಿನವರು ಕುಡಿಯುವುದು ಅದನ್ನೇ.