ಗ್ವಾನಹ್ವಾತೊದಲ್ಲಿ ಮ್ಯಾಪ್ ನಂಬಿ ಕೆಟ್ಟೆ

ನಾನಿರುವುದು ಡಲ್ಲಾಸ್‌ನಲ್ಲಿ, ಪಾಸ್‌ಪೋರ್ಟ್ ಇಂಡಿಯಾದ್ದು. ಅವಧಿ ಮುಗಿಯದ ಅಮೆರಿಕ ವೀಸಾ ಇದ್ದದ್ದರಿಂದ ಮೆಕ್ಸಿಕೊಗೆ ಬೇರೆ ವೀಸಾ ಮಾಡಿಸಬೇಕಾಗಲಿಲ್ಲ. ನಾನು ಹೊರಟಿದ್ದು ಅಲ್ಲಿನ ಹಳೇ ಗಣಿ ಊರು ಗ್ವಾನಹ್ವಾತೊಗೆ. ಅದಕ್ಕೆ ಹತ್ತಿರದ ಏರ್‌ಪೋರ್ಟ್ ಸಿಲಾವೊ ಊರಿನ ಬಳಿ ಇದೆ, ಡಲ್ಲಾಸ್‌ನಿಂದ ನೇರ ವಿಮಾನವೂ ಉಂಟು. ಆದರೆ ನನಗೆ ಮೆಕ್ಸಿಕೊ ಸಿಟಿಯನ್ನೂ ನೋಡಬೇಕಿತ್ತು. ಹಾಗಾಗಿ ಅಲ್ಲಿಗಿಳಿದು, ಎರಡು ದಿನ ಇದ್ದು, ಮೆಟ್ರೊ ಐದನೇ ಲೈನಿನಲ್ಲಿ ಉತ್ತರದ ಬಸ್ ನಿಲ್ದಾಣಕ್ಕೆ ಹೋಗಿ ಬಸ್ ಹಿಡಿದೆ. ಸುಮಾರು ಐದು ಗಂಟೆ ದಾರಿ. ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು ಇರುವ ಇಟಿಎನ್ ಕಂಪನಿಯ ಬಸ್. ಆ ಒಂಟಿ ಸೀಟು ಸಿಕ್ಕಿತು ಅಂದರೆ ನಿದ್ದೆ ಗ್ಯಾರಂಟಿ.

ತೊಂದರೆ ಶುರುವಾಗಿದ್ದು ಊರು ತಲುಪಿದ ಮೇಲೆ. ಬಸ್ ನಿಲ್ದಾಣ ಊರ ಹೊರಗಿದೆ, ಹಳೇ ಪೇಟೆಗೆ ಐದಾರು ಕಿಲೋಮೀಟರ್. ಟ್ಯಾಕ್ಸಿ ಹತ್ತಿ ಫೋನಿನಲ್ಲಿ ಮ್ಯಾಪ್ ತೆಗೆದುಕೊಂಡು ಕೂತೆ. ಟ್ಯಾಕ್ಸಿ ಸುರಂಗದೊಳಗೆ ನುಗ್ಗಿತು, ನೀಲಿ ಚುಕ್ಕಿ ಅಲ್ಲೇ ಒದ್ದಾಡತೊಡಗಿತು. ಸ್ವಲ್ಪ ಹೊತ್ತಿಗೆ ಡ್ರೈವರ್ ನಿಲ್ಲಿಸಿ, ಇಳಿ ಅಂತ ಕೈ ತೋರಿಸಿದ. ಸುತ್ತ ಕಲ್ಲಿನ ಗೋಡೆ, ತಲೆ ಮೇಲೆ ಕಮಾನು. ಮ್ಯಾಪ್ ಮಾತ್ರ ನಾನು ರೂಮಿನ ಬಾಗಿಲಲ್ಲೇ ನಿಂತಿದ್ದೇನೆ ಅನ್ನುತ್ತಿತ್ತು. ಅದೂ ಸುಳ್ಳಲ್ಲ, ರೂಮು ನನ್ನ ತಲೆ ಮೇಲೇ ಇತ್ತು, ನಾಲ್ಕು ಮಹಡಿ ಎತ್ತರದಲ್ಲಿ!

ಈ ಸುರಂಗಗಳ ಕತೆ ಹೀಗೆ. ಮೊದಲು ಊರ ಮಧ್ಯೆಯೇ ನದಿ ಹರಿಯುತ್ತಿತ್ತು. ಮೇಲಿಂದ ಮೇಲೆ ಪ್ರವಾಹ, 1905ರಲ್ಲಂತೂ ದೊಡ್ಡ ಅನಾಹುತವೇ ಆಯಿತು. ಆಮೇಲೆ ನೀರನ್ನು ಬೇರೆ ಕಡೆಗೆ ತಿರುಗಿಸಿದರು, 1960ರ ದಶಕದಲ್ಲಿ ಆ ಹಳೇ ನದಿಪಾತ್ರ ವಾಹನಗಳ ರಸ್ತೆಯಾಯಿತು. ಅದಕ್ಕೇ ಮೇಲಿನ ಪೇಟೆಯಲ್ಲಿ ಜನ ಆರಾಮವಾಗಿ ನಡೆಯುತ್ತಾರೆ, ಕಾರು ಬಸ್ಸೆಲ್ಲ ಕೆಳಗೆ. ಬಸ್ ಸ್ಟಾಪ್ ಕೂಡ ಸುರಂಗದೊಳಗೇ ಇದೆ, ಅಲ್ಲಿಂದ ಮೆಟ್ಟಿಲು ಹತ್ತಿ ಬಂದರೆ ತಟ್ಟನೆ ಯಾವುದೋ ಚರ್ಚಿನ ಮುಂದೆ ಬಿಸಿಲಿಗೆ ಬಂದಿರುತ್ತೀರಿ.

ಇನ್ನೊಂದು ಪಾಠ ಸೂಟ್‌ಕೇಸಿನದು. ರೂಮಿನ ಜಾಹೀರಾತಿನಲ್ಲಿ ಚೌಕದಿಂದ ಐದು ನಿಮಿಷ ಅಂತಿತ್ತು. ಚೌಕಕ್ಕೆ ಇಳಿದು ಬರುವಾಗ ಐದು ನಿಮಿಷ ನಿಜ, ರೂಮಿಗೆ ಹತ್ತಿ ಹೋಗುವಾಗ ಇಪ್ಪತ್ತು. ಮೆಟ್ಟಿಲು ಎಣಿಸುತ್ತಾ ಹೋದೆ, ನೂರಾ ನಲವತ್ತಕ್ಕೆ ಬಿಟ್ಟೆ. ಊರೇ ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರ, ಮೊದಲ ದಿನ ಏದುಸಿರು ಬರುವುದು ವಯಸ್ಸಿನಿಂದ ಮಾತ್ರ ಅಲ್ಲ. ಚಕ್ರದ ಸೂಟ್‌ಕೇಸ್ ಇಲ್ಲಿ ಸುಮ್ನೆ ಭಾರ, ಬೆನ್ನಿಗೆ ಹಾಕುವ ಬ್ಯಾಗ್ ತನ್ನಿ. ರೂಮು ಬುಕ್ ಮಾಡುವ ಮುಂಚೆ ದೂರ ಕೇಳಬೇಡಿ, ಮೆಟ್ಟಿಲೆಷ್ಟು ಅಂತ ಕೇಳಿ.

ಎರಡನೇ ದಿನ ಮ್ಯಾಪ್ ಬಿಟ್ಟೆ. ದಾರಿ ತಪ್ಪಿದರೆ ಇಳಿಜಾರು ಹಿಡಿದು ಇಳಿಯುತ್ತಾ ಹೋಗುವುದು, ಯಾವ ಓಣಿಯಾದರೂ ಕೊನೆಗೆ ಪೇಟೆಗೇ ತಂದು ಬಿಡುತ್ತಿತ್ತು. ಗುರುತಿಗೆ ಬೆಟ್ಟದ ಮೇಲಿನ ಪಿಪಿಲಾ ಪ್ರತಿಮೆ ಇದೆಯಲ್ಲ, ಅದು ಬಹಳ ಕಡೆಯಿಂದ ಕಾಣುತ್ತದೆ. ಹ್ವಾರೆಸ್ ನಾಟಕಶಾಲೆಯ ಹಿಂದಿನಿಂದ ಹಳಿ ಮೇಲಿನ ಡಬ್ಬಿಯಲ್ಲಿ ಅಲ್ಲಿಗೆ ಹತ್ತಬಹುದು. ನಾನು ಅದರಲ್ಲಿ ಹತ್ತಿ, ಓಣಿಗಳಲ್ಲಿ ನಡೆದು ಇಳಿದೆ.

ಈ ಪಿಪಿಲಾ ಒಬ್ಬ ಗಣಿ ಕೆಲಸಗಾರ. ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಎದ್ದಾಗ, 1810ರ ಸೆಪ್ಟೆಂಬರ್ 28ರಂದು ಬೆನ್ನ ಮೇಲೆ ಕಲ್ಲುಚಪ್ಪಡಿ ಹೊತ್ತು, ಗುಂಡೇಟಿನಿಂದ ತಪ್ಪಿಸಿಕೊಂಡು ಅಲೋಂದಿಗದ ಬಾಗಿಲಿಗೆ ಬೆಂಕಿ ಇಟ್ಟನಂತೆ. ಅಲೋಂದಿಗ ಅಂದರೆ ಧಾನ್ಯದ ಉಗ್ರಾಣ, ಸ್ಪೇನಿನ ಕಡೆಯವರು ಅದರೊಳಗೆ ಅಡಗಿದ್ದರು. ಮರುವರ್ಷ ದಂಗೆಯ ಮುಂದಾಳು ಹಿಡಾಲ್ಗೊ ಮತ್ತು ಮೂವರು ಜೊತೆಗಾರರ ತಲೆಗಳನ್ನು ಇದೇ ಕಟ್ಟಡದ ನಾಲ್ಕು ಮೂಲೆಗೆ ನೇತುಹಾಕಿದರು. 1821ರವರೆಗೂ, ಅಂದರೆ ಹತ್ತು ವರ್ಷ ಅಲ್ಲೇ ಇದ್ದವು! ಈಗ ಅದು ಮ್ಯೂಸಿಯಂ, ಸೋಮವಾರ ರಜೆ. ನಾನು ಮೊದಲು ಹೋಗಿದ್ದು ಸೋಮವಾರವೇ.

ಅಲೋಂದಿಗದ ಹತ್ತಿರ 'ವಾಲೆನ್ಸಿಯಾನಾ' ಬೋರ್ಡಿನ ಬಸ್ ಸಿಗುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ. ಗುಡ್ಡದ ಮೇಲಿನ ಹಳೇ ಬೆಳ್ಳಿ ಗಣಿಯ ಊರದು. 1788ರ ಚರ್ಚಿನೊಳಗೆ ಬಲಿಪೀಠಗಳ ಹಿಂದಿನ ಕೆತ್ತನೆ ತುಂಬ ಚಿನ್ನದ ಲೇಪ. ಈ ಊರಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಅಲ್ಲಿ ನಿಂತರೆ ತಿಳಿಯುತ್ತದೆ. ಮಮ್ಮಿಗಳ ಮ್ಯೂಸಿಯಂಗೆ ಹೋಗಲಿಲ್ಲ. ಗೋರಿಯ ತೆರಿಗೆ ಕಟ್ಟಲಿಲ್ಲ ಅಂತ ತೆಗೆದ ಹೆಣಗಳನ್ನು ಟಿಕೆಟ್ ಕೊಟ್ಟು ನೋಡಲು ಮನಸ್ಸಾಗಲಿಲ್ಲ. ಜೋಡಿಗಳು ಮುತ್ತು ಕೊಡುವ 'ಚುಂಬನದ ಓಣಿ'ಯಲ್ಲಿ ಫೋಟೊಗೆ ಸಾಲು ನಿಲ್ಲುವುದೂ ಬೇಡ, ಅದಕ್ಕಿಂತ ಚಂದದ ಕಿರಿದಾದ ಓಣಿಗಳು ಬಿಟ್ಟಿಯಾಗಿ, ಖಾಲಿಯಾಗಿ ಬಿದ್ದಿವೆ.

ನಾವು ಸಸ್ಯಾಹಾರಿಗಳು 'ಸಿನ್ ಕಾರ್ನೆ' (ಮಾಂಸ ಬೇಡ) ಅಂದರೆ ಸಾಲದು, ಕಾರ್ನೆ ಇಲ್ಲ ಅಂತ ಕೋಳಿ ಬಂದೀತು. 'ಸಿನ್ ಪೊಯೊ' (ಕೋಳಿ ಬೇಡ) ಅಂತಲೂ ಹೇಳಿ. ಕಾಳಿನ ಪಲ್ಯದಲ್ಲಿ ಹಂದಿ ಕೊಬ್ಬು ಇರಬಹುದು, 'ಮಾಂತೇಕಾ' ಇದೆಯಾ ಅಂತ ಕೇಳಿ. ನನಗೆ ಹಿಡಿಸಿದ್ದು ಎಂಚಿಲಾದಾಸ್ ಮಿನೇರಾಸ್, ಗಣಿಯವರ ಊಟ. ಚೀಸ್ ತುಂಬಿದ ಮೆಕ್ಕೆಜೋಳದ ರೊಟ್ಟಿ, ಮೇಲೆ ಆಲೂಗಡ್ಡೆ, ಕ್ಯಾರೆಟ್. ಪಾಪಸುಕಳ್ಳಿಯ ಟಾಕೊ ಕೂಡ ತಿಂದೆ, ಬೆಂಡೆಕಾಯಿಯ ಲೋಳೆ ಇಷ್ಟವಿದ್ದವರಿಗೆ ಹಿಡಿಸುತ್ತದೆ.

ಹೊರಡುವ ದಿನ ಟ್ಯಾಕ್ಸಿ ಕರೆಯಲಿಲ್ಲ. ಸುರಂಗದ ಸ್ಟಾಪಿಗೆ ಇಳಿದು, ಬಸ್ ಬಂದಾಗ "ಸೆಂತ್ರಾಲ್?" (ಊರ ಹೊರಗಿನ ಬಸ್ ನಿಲ್ದಾಣಕ್ಕಾ?) ಅಂದೆ, ಡ್ರೈವರ್ ತಲೆಯಾಡಿಸಿದ, ಹತ್ತಿದೆ. ಸೂಟ್‌ಕೇಸ್ ಮಾತ್ರ ಮೂರು ಚಕ್ರದ್ದಾಗಿತ್ತು.