ಮೂತ್ರದಲ್ಲಿ ಪ್ರೋಟೀನ್ ಕಂಡರೆ ಮುಂದೇನು?

ರಿಪೋರ್ಟಿನಲ್ಲಿ ‘ಪ್ರೋಟೀನ್ 1+’ ಎಂದು ಕಂಡ ಕೂಡಲೇ ಕಿಡ್ನಿ ಕೆಟ್ಟೇ ಹೋಯಿತು ಎಂದು ಕೆಲವರು ಕಂಗಾಲಾಗುತ್ತಾರೆ. ಇನ್ನು ಕೆಲವರು, ನೋವೇನೂ ಇಲ್ವಲ್ಲ ಎಂದು ಹಾಳೆ ಮಡಚಿಡುತ್ತಾರೆ. ನನಗೆ ಚಿಂತೆ ಈ ಎರಡನೆಯವರದ್ದೇ. ಕಿಡ್ನಿ ತೊಂದರೆ ಶುರುವಿನಲ್ಲಿ ನೋಯುವುದೇ ಅಪರೂಪ.

ಮೊದಲು ಆ ವಾರ ಹೇಗಿತ್ತು ನೆನಪಿಸಿಕೊಳ್ಳಿ. ಜ್ವರ ಬಂದಿತ್ತಾ? ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ರಾ? ನೀರು ಕಡಿಮೆ ಕುಡಿದಿದ್ರಾ? ಇವುಗಳಿಂದಲೂ ಪ್ರೋಟೀನ್ ಕೆಲಕಾಲ ಏರಿ, ತಾನಾಗಿ ಇಳಿಯುತ್ತದೆ. ಮೂತ್ರದ ಸೋಂಕು, ಮುಟ್ಟಿನ ರಕ್ತ ಕೂಡ ಫಲಿತಾಂಶ ಕೆಡಿಸುತ್ತವೆ. ಊಟದಲ್ಲಿ ಪ್ರೋಟೀನ್ ತಿಂದದ್ದೇ ಕಾರಣ ಅಂದುಕೊಂಡು ಸುಮ್ನೆ ಪಥ್ಯ ಶುರುಮಾಡಬೇಡಿ.

ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರವೇ ಒಳ್ಳೆಯದು. ಕೆಲವು ಹದಿಹರೆಯದವರಲ್ಲಿ ನಿಂತು ಓಡಾಡುವಾಗ ಮಾತ್ರ ಪ್ರೋಟೀನ್ ಸೋರುತ್ತದೆ, ಮಲಗಿದಾಗ ಇಲ್ಲ. ಅದು ಸಾಮಾನ್ಯವಾಗಿ ನಿರಪಾಯ. ಮೊದಲ ಹನಿಗಳನ್ನು ಬಿಟ್ಟು, ನಡುವಿನ ಮೂತ್ರವನ್ನು ಹಿಡಿಯಿರಿ.

ಕಡ್ಡಿ ಅದ್ದಿ ನೋಡುವ ಪರೀಕ್ಷೆ ಅಂದಾಜು ಮಾತ್ರ. ಮೂತ್ರ ಗಟ್ಟಿಯಿದ್ದರೆ ಜಾಸ್ತಿ ತೋರಿಸುತ್ತದೆ, ತೆಳುವಿದ್ದರೆ ಕಡಿಮೆ. ಹಾಗಾಗಿ ಅಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್)–ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಅನುಪಾತದ ಪರೀಕ್ಷೆ ಕೇಳಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸರಿ. 30ರಿಂದ 300ರವರೆಗೆ ಎಚ್ಚರಿಕೆ. 300 ದಾಟಿದರೆ ಸೋರಿಕೆ ಜೋರಾಗಿದೆ ಎಂದೇ ಅರ್ಥ. ಮೂರು ತಿಂಗಳಾದರೂ 30ಕ್ಕಿಂತ ಕೆಳಗೆ ಇಳಿಯದಿದ್ದರೆ ಅದನ್ನು ಕಿಡ್ನಿ ಕಾಯಿಲೆ ಎಂದೇ ಪರಿಗಣಿಸುತ್ತಾರೆ.

ಇಳಿಯದಿದ್ದರೆ ಕಾರಣ ಹುಡುಕಬೇಕು. ಹೆಚ್ಚಾಗಿ ಸಿಗುವುದು ಎರಡು: ಸಕ್ಕರೆ ಕಾಯಿಲೆ, ಬಿಪಿ. ಇವು ವರ್ಷಗಟ್ಟಲೆ ಕಿಡ್ನಿಯ ಸೂಕ್ಷ್ಮ ಜರಡಿಯನ್ನು ಸವೆಸುತ್ತವೆ. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳು, ಕೆಲವು ನೋವಿನ ಮಾತ್ರೆಗಳೂ ಕಾರಣವಾಗಬಹುದು. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ನಲ್ಲಿ ಬರುವ ಪ್ರೋಟೀನ್ ಕಡ್ಡಿಗೆ ಸಿಗದೆಯೂ ಹೋಗಬಹುದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಇಷ್ಟು ಬೇಗ ಗೊತ್ತಾದರೆ ಮಾಡಲು ಬೇಕಾದಷ್ಟಿದೆ. ಬಿಪಿ, ಸಕ್ಕರೆ ಹತೋಟಿಗೆ ತಂದು ಉಪ್ಪು ತಗ್ಗಿಸಿದರೆ ಕಿಡ್ನಿಗೆ ಅನುಕೂಲ. ಸೋರಿಕೆಯನ್ನೇ ಇಳಿಸುವ ಮಾತ್ರೆಗಳೂ ಇವೆ. ವೈದ್ಯರು ಕೊಟ್ಟರೆ ನಿಲ್ಲಿಸದೆ ತೆಗೆದುಕೊಳ್ಳಿ.

ಆದರೆ ಮುಖ, ಕಾಲು ಊದಿಕೊಂಡರೆ, ಮೂತ್ರದಲ್ಲಿ ರಕ್ತ ಕಂಡರೆ ಮರುಪರೀಕ್ಷೆಗೆ ಕಾಯಬೇಡಿ. ಗರ್ಭಿಣಿಯರಿಗೆ ಐದು ತಿಂಗಳ ನಂತರ ಬಿಪಿ ಜೊತೆ ಪ್ರೋಟೀನ್ ಕಂಡರೆ, ತಲೆನೋವು, ಕಣ್ಣು ಮಂಜಾಗುವುದು ಇದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.